ಏನೂ ಆಗದ ಓಣಿ

ಕಳೆದ ತಿಂಗಳು ನಮ್ಮ ಸಿವಿಲ್ ಎಂಜಿನಿಯರಿಂಗ್ ವಿಭಾಗದ ಹಿರಿಯ ಸರ್ ನಿವೃತ್ತರಾದರು. ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಬೀಳ್ಕೊಡುಗೆ ಎಂದರೆ ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ಆಮೇಲೆ ನಿವೃತ್ತರಾಗುವವರು ತಮ್ಮ ಕೆಲಸದ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವ ಪದ್ಧತಿ. ಇವರಿಗಿಂತ ಮೊದಲು ಹೋದವರು ಸೇತುವೆ ತೋರಿಸಿದ್ದರು, ನೀರಿನ ಟಾಕಿ ತೋರಿಸಿದ್ದರು. ಒಬ್ಬರಂತೂ ತಾವೇ ನಕಾಶೆ ಹಾಕಿದ ಕಲ್ಯಾಣಮಂಟಪದ ಎದುರು ಮದುಮಗನ ಹಾಗೆ ನಿಂತ ಚಿತ್ರ ತೋರಿಸಿದ್ದರು. ನಮ್ಮ ಸರ್ ತೋರಿಸಿದ್ದು ಒಂದೇ ಒಂದು. ಬನಹಟ್ಟಿಯ ಒಂದು ಡೊಂಕು ಓಣಿ. ಎರಡೂ ಕಡೆ ಮನೆ, ಕಟ್ಟೆಯ ಮೇಲೆ ಒಣಗಲು ಹಾಕಿದ ಬಣ್ಣದ ನೂಲು, ನಡುವೆ ಮಲಗಿದ ನಾಯಿ. ಸಭೆ ಮುಂದಿನ ಚಿತ್ರಕ್ಕೆ ಕಾಯಿತು. ಪ್ರೊಜೆಕ್ಟರ್ ಕೆಟ್ಟಿರಬೇಕೆಂದು ಪ್ರಾಚಾರ್ಯರು ಸಿಪಾಯಿಯ ಕಡೆ ನೋಡಿದರು. ಸರ್ ಮೈಕು ಹಿಡಿದು, “ಇಷ್ಟರೀ. ಈ ಓಣ್ಯಾಗ ಏನೂ ಆಗಲಿಲ್ಲ. ಅದ ನನ್ನ ಸಾಧನಾ” ಎಂದು ಹೇಳಿ ಕೂತುಬಿಟ್ಟರು.

ಚಪ್ಪಾಳೆ ಬಿತ್ತು, ಆದರೆ ಅರ್ಥವಾಗದೆ ಬೀಳುವ ಚಪ್ಪಾಳೆ ಅದು. ಆ ಓಣಿಯಲ್ಲಿ ಏನೂ ಆಗದಂತೆ ನೋಡಿಕೊಳ್ಳಲು ಆ ಮನುಷ್ಯ ಎಷ್ಟು ಬೆವರು ಹರಿಸಿದರೆಂದು ಬಲ್ಲವರು ಆ ಸಭೆಯಲ್ಲಿ ಬಹಳ ಜನ ಇರಲಿಲ್ಲ. ನಾನು ಬಲ್ಲೆ. ಅದೇ ವಿಭಾಗದಲ್ಲಿ ಅವರ ಪಕ್ಕದ ಮೇಜಿನಲ್ಲಿ ಕೂತವಳು ನಾನು.

ಹುಡುಗರು ಅವರನ್ನು ‘ಮಣ್ಣ ಸರ’ ಎನ್ನುತ್ತಿದ್ದರು. ಹೊಸ ತರಗತಿ ಬಂದಾಗ ಅವರ ಮೊದಲ ಅಪ್ಪಣೆ ಒಂದೇ: ಎಲ್ಲರೂ ತಮ್ಮ ತಮ್ಮ ಊರಿನ ಒಂದು ಹಿಡಿ ಮಣ್ಣು ತರಬೇಕು. ಗಲಗಲಿಯ ಹೊಳೆದಂಡೆಯ ಮಣ್ಣು, ಹುನ್ನೂರಿನ ಎರೆಮಣ್ಣು, ತೇರದಾಳದ ಕೆಂಪು ಬೆರೆತ ಮಣ್ಣು ಎಲ್ಲವೂ ಮೇಜಿನ ಮೇಲೆ ಸಾಲಾಗಿ ಕೂರುತ್ತಿದ್ದವು. ಅಂಗೈಯಲ್ಲಿ ಹಾಕಿ ಹಿಸುಕಿ, ಒಂದು ಹನಿ ನೀರು ಬಿಟ್ಟು, ಮೂಸಿ ನೋಡಿ ಅವರು ಮಾತಾಡುತ್ತಿದ್ದರು. ಒಮ್ಮೆ ಒಬ್ಬ ಮಹಾಶಯ ಊರಿನಿಂದ ತರುವುದನ್ನು ಮರೆತು ಕಾಲೇಜಿನ ಹಿಂದಿನಿಂದ ಒಂದು ಹಿಡಿ ಬಾಚಿ ತಂದು, ಇದು ಬೀಳಗಿಯದು ಎಂದು ಇಟ್ಟ. ಸರ್ ಕನ್ನಡಕ ಏರಿಸಿ ನೋಡಿದರು. ಬೀಳಗಿಯ ನೆಲದಲ್ಲಿ ಈಗ ಚಹಾಪುಡಿ ಬೆಳೆಯುತ್ತದೆಯೇ ಎಂದು ಕೇಳಿದರು. ನಮ್ಮ ಕ್ಯಾಂಟೀನಿನವನು ಸೋಸಿದ ಚಹಾಪುಡಿ ಚೆಲ್ಲುವ ಜಾಗ ಅದು ಎಂದು ಎಲ್ಲರಿಗೂ ಗೊತ್ತಿತ್ತು.

ಯಾರ ಮನೆಗೆ ಹೋದರೂ ಅವರು ಮೊದಲು ನೆಲ ನೋಡುತ್ತಿದ್ದರು, ಆಮೇಲೆ ಮನೆಯವರನ್ನು. ಜೇಬಿನಲ್ಲಿ ಸದಾ ಒಂದು ಗಾಜಿನ ಗೋಲಿ ಇರುತ್ತಿತ್ತು. ಮಾತಾಡುತ್ತಲೇ ಅದನ್ನು ನೆಲಕ್ಕೆ ಬಿಟ್ಟು ಯಾವ ಕಡೆ ಉರುಳುತ್ತದೆಂದು ನೋಡುವರು. ನನ್ನ ತಂಗಿಯ ನಿಶ್ಚಯಕ್ಕೆ ಮುಧೋಳದ ನಮ್ಮ ಮನೆಗೆ ಬಂದಾಗಲೂ ಬೀಗರ ಎದುರಿಗೇ ಗೋಲಿ ಬಿಟ್ಟರು. ಅದು ಉರುಳಿ ಹೋಗಿ ಗಂಡಿನ ತಂದೆಯ ಕಾಲಿಗೆ ತಾಗಿತು. ಬಚ್ಚಲಿನ ಕಡೆ ಇಳಿಜಾರು ಬಹಳ ಛಲೋ ಇದೆ ಎಂದು ಇವರು ಮೆಚ್ಚಿ ನುಡಿದರು. ನಾನು ಆ ಹೊತ್ತಿಗೆ ಎಲ್ಲಿ ಮುಖ ಮರೆಸಿಕೊಳ್ಳಲಿ ಎಂದು ನೋಡುತ್ತಿದ್ದೆ.

ಅವರ ವಿದ್ಯೆ ನೆಲದ ಕೆಳಗಿನದು. ನೆಲದೊಳಗೆ ಏನಾದರೂ ಕೊರೆದರೆ ಮೇಲಿನ ಮಣ್ಣು ಎಲ್ಲಿ ಕುಸಿಯುತ್ತದೆ, ಎಲ್ಲಿ ಉಬ್ಬುತ್ತದೆ ಎಂಬುದನ್ನು ಕೆಲಸಕ್ಕೆ ಮೊದಲೇ ಕಂಪ್ಯೂಟರಿನಲ್ಲಿ ಮಾಡಿ ನೋಡುವುದು. ಅದಕ್ಕಾಗಿ ತೆರೆಯ ಮೇಲಿನ ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆಯಬೇಕು. ಒಂದೊಂದು ಚೌಕಕ್ಕೂ ಅಲ್ಲಿನ ಮಣ್ಣಿನ ಗುಣ ಹೇಳಿಕೊಡಬೇಕು. ಆಗ ಒಂದು ಚೌಕ ಅಲುಗಿದರೆ ಉಳಿದವು ಹೇಗೆ ಅಲುಗುತ್ತವೆಂದು ಯಂತ್ರ ಲೆಕ್ಕ ಹಾಕುತ್ತದೆ. ಸರ್ ಬನಹಟ್ಟಿಯ ನೇಕಾರರ ಮಗ. ಮೇಜಿನ ಮೇಲೆ ಕರವಸ್ತ್ರ ಹಾಸಿ, ಒಂದು ಎಳೆ ಮೆಲ್ಲಗೆ ಜಗ್ಗಿ, ದೂರದಲ್ಲಿ ಬೀಳುವ ಸುಕ್ಕನ್ನು ಬೆರಳಿನಿಂದ ತೋರಿಸಿ, ನೆಲವೂ ಹೀಗೆಯೇ ಎನ್ನುತ್ತಿದ್ದರು. ಅವರು ಪಾಠ ಮಾಡಿದ ವರ್ಷಗಳಲ್ಲಿ ಎಷ್ಟು ಕರವಸ್ತ್ರ ಹಾಳಾದವೋ, ಮನೆಯವರಿಗೇ ಗೊತ್ತು.

ಅವರ ಜೊತೆ ಕೆಲಸ ಮಾಡುವುದು ಸುಖದ ಸಂಗತಿಯಲ್ಲ. ನನಗೆ ಬೇಗ ಮುಗಿಯಬೇಕು, ಅವರಿಗೆ ಮುಗಿಯುವುದೇ ಬೇಡ. ತೆರೆಯ ಮೇಲಿನ ಮನೆಗಳಿಗೆಲ್ಲ ಅವರು ಮನೆಯವರ ಹೆಸರು ಕೊಡುತ್ತಿದ್ದರು. ಗುತ್ತಿಗೆದಾರರ ಎಂಜಿನಿಯರುಗಳು ನಂಬರು ಸಾಕಲ್ಲ ಸರ್ ಎಂದರೆ, “ನಂಬರ ಬಿರುಕು ಬಿಟ್ರ ಯಾರಿಗೂ ನೋವಾಗೂದಿಲ್ಲರೀ” ಎನ್ನುವರು. ಆ ಮಾತಿಗೆ ಆ ಎಂಜಿನಿಯರುಗಳು ನಕ್ಕರು. ನಾನೂ ನಕ್ಕೆ.

ಚಿತ್ರದಲ್ಲಿದ್ದ ಆ ಓಣಿ ಅವರು ಹುಟ್ಟಿ ಬೆಳೆದ ಓಣಿ. ಹಿಂದಿನ ಮಳೆಗಾಲಗಳಲ್ಲಿ ಗಟಾರದ ನೀರೆಲ್ಲ ಅಲ್ಲಿ ಬಂದು ನಿಲ್ಲುತ್ತಿತ್ತು. ಹೊಸ್ತಿಲು ದಾಟಿ ಒಳಗೆ ಬಂದು ಪಡಸಾಲೆಯ ವಿದ್ಯುತ್ ಮಗ್ಗಗಳ ಕಾಲು ತೊಳೆಯುತ್ತಿತ್ತು. ದೊಡ್ಡ ಪೈಪು ಹಾಕದೆ ಗತಿ ಇರಲಿಲ್ಲ. ಆದರೆ ಓಣಿಯನ್ನು ಉದ್ದಕ್ಕೂ ಅಗೆದರೆ ತಿಂಗಳುಗಟ್ಟಲೆ ಮಗ್ಗ ನಿಲ್ಲಬೇಕು. ಮಣ್ಣಿನ ಗೋಡೆಗಳು ನಿಲ್ಲುತ್ತವೆಂಬ ಭರವಸೆಯೂ ಇಲ್ಲ. ಹಾಗಾಗಿ ಅಗೆಯದೆ ತಳ್ಳುವುದೆಂದು ಠರಾವಾಯಿತು. ಓಣಿಯ ಒಂದು ತುದಿಗೆ ಬಾವಿಯಂಥ ತಗ್ಗು ತೋಡಿ, ಅದರೊಳಗೆ ದೊಡ್ಡ ಜಾಕು ಇಟ್ಟು, ಸಿಮೆಂಟಿನ ಪೈಪುಗಳನ್ನು ಒಂದರ ಬೆನ್ನಿಗೆ ಒಂದು ನೆಲದೊಳಗೇ ದೂಡುತ್ತ ಹೋಗುವುದು. ಮುಂದಿನ ಬಾಯಲ್ಲಿ ಯಂತ್ರ ಮಣ್ಣು ಕೊರೆಯುತ್ತದೆ, ಹಿಂದಿನಿಂದ ಜಾಕು ತಳ್ಳುತ್ತದೆ. ಮೇಲೆ ಓಣಿ ಓಣಿಯಾಗಿಯೇ ಇರುತ್ತದೆ.

ತೊಡಕು ಒಂದೇ. ಪೈಪು ನೆಟ್ಟಗೆ ಹೋಗುತ್ತದೆ, ಓಣಿ ಡೊಂಕು. ತಿರುವಿನಲ್ಲಿ ಅದು ಕೆಲವು ಮನೆಗಳ ಪಡಸಾಲೆಯ ಕೆಳಗೇ ಹಾಯಬೇಕು. ಅವುಗಳಲ್ಲಿ ನಟ್ಟನಡುವಿನದು ಶಾಂತವ್ವನ ಮನೆ. ಶಾಂತವ್ವ ಸರ್‌ಗಿಂತ ನಾಲ್ಕಾರು ವರ್ಷ ದೊಡ್ಡವರು, ಗಂಡ ತೀರಿದ ಮೇಲೆ ಪಡಸಾಲೆಯ ಎರಡು ವಿದ್ಯುತ್ ಮಗ್ಗಗಳನ್ನು ತಾವೇ ನಡೆಸಿ ಮನೆ ನಿಭಾಯಿಸಿದವರು. ಮಗ್ಗದ ಒಂದು ಕಾಲು ತುಸು ಇಳಿದರೆ ಸಾಕು, ಲಾಳಿ ಅಡ್ಡಾದಿಡ್ಡಿ ಹಾರುತ್ತದೆ, ಎಳೆ ಹರಿಯುತ್ತದೆ, ಸೀರೆ ಕೆಡುತ್ತದೆ. ಅವರಿಗೆ ಪೈಪೂ ಬೇಕಿತ್ತು, ಮಗ್ಗವೂ ಉಳಿಯಬೇಕಿತ್ತು.

ಲೆಕ್ಕ ಮಾಡಿಕೊಡಿ ಎಂದು ಗುತ್ತಿಗೆದಾರರು ನಮ್ಮ ವಿಭಾಗಕ್ಕೆ ಬಂದರು. ಹಿತ್ತಲ ಗಿಡ ಮದ್ದಲ್ಲ ಎಂಬುದು ಬನಹಟ್ಟಿಯಲ್ಲೂ ನಿಜ. ನಮ್ಮ ಕಣ್ಣ ಮುಂದೆ ಚಡ್ಡಿ ಹಾಕಿಕೊಂಡು ಓಡಾಡಿದವನು, ಇವನಿಗೆ ನೆಲದೊಳಗಿನದು ಏನು ಕಾಣುತ್ತದೆ ಎಂದು ಓಣಿಯ ಹಿರಿಯರು ಮೂಗು ಮುರಿದರು. ಸರ್ ಮಣ್ಣು ತೆಗೆಸಿದರು, ಮೇಲೆ ಎರೆ, ಕೆಳಗೆ ಕಲ್ಲು ಬೆರೆತ ಗರಸು. ವಿದ್ಯಾರ್ಥಿಗಳನ್ನು ಮನೆ ಮನೆಗೆ ಕಳಿಸಿ, ಗೋಡೆ ಯಾವುದರದು, ಬಾವಿ ಇದೆಯೇ, ಕುಣಿ ಇದೆಯೇ ಎಂದು ಕೇಳಿಸಿದರು. ನೇಕಾರ ಕಾಲು ಇಳಿಬಿಟ್ಟು ಕೂತು ನೇಯುವ ಹಳೆಯ ಕೈಮಗ್ಗಕ್ಕೆ ನೆಲದಲ್ಲಿ ತೋಡಿದ ತಗ್ಗಿಗೆ ಕುಣಿ ಎನ್ನುತ್ತಾರೆ. ಹೆಣ ಹೂಳಲು ತೆಗೆಯುವ ತಗ್ಗಿಗೂ ನಮ್ಮ ಕಡೆ ಅದೇ ಮಾತು. ಬೆಳ್ಳಂಬೆಳಗ್ಗೆ ಹೊಸ್ತಿಲಲ್ಲಿ ನಿಂತು ನಿಮ್ಮ ಮನೆಯಲ್ಲಿ ಕುಣಿ ಇದೆಯೇನ್ರಿ ಎಂದು ಕೇಳಿದ ಹುಡುಗರಿಗೆ ಸಿಕ್ಕ ಆಶೀರ್ವಾದವನ್ನು ಇಲ್ಲಿ ಬರೆಯುವಂತಿಲ್ಲ. ಬೈದಾದ ಮೇಲೆ ಎಲ್ಲರೂ ಇಲ್ಲ ಎಂದರು. ಹುಡುಗರೂ ಇಲ್ಲ ಎಂದು ಬರೆದುಕೊಂಡು ಬಂದರು.

ಸರ್ ಕಂಪ್ಯೂಟರಿಗೆ ಗಟ್ಟಿ ನೆಲವೆಂದೇ ಹೇಳಿದರು. ನೆಲ ಬೆರಳ ಉಗುರಿನಷ್ಟೂ ಇಳಿಯುವುದಿಲ್ಲ ಎಂದು ಅದು ಉತ್ತರ ಕೊಟ್ಟಿತು. ಕಟ್ಟೆಯ ಮೇಲೆ ಸಭೆ ಕೂಡಿತು. ಏನೂ ಆಗುವುದಿಲ್ಲ ಎಂದು ಸರ್ ಹೇಳಿದರು. ಶಾಂತವ್ವ ಕಾಗದ ಕೇಳಲಿಲ್ಲ, ಸಹಿ ಕೇಳಲಿಲ್ಲ. ನನ್ನ ಮನೆಯ ಕೆಳಗೆ ಪೈಪು ಹಾಯುವಾಗ ನೀನು ನನ್ನ ಪಡಸಾಲೆಯಲ್ಲಿ ಕೂತಿರಬೇಕು ಎಂದರು. ಸರ್ ಕೂಡಲೇ ಒಪ್ಪಿದರು.

ತಗ್ಗು ತೋಡಿ, ಜಾಕು ಇಳಿಸಿ, ನಾಳೆಯೋ ನಾಡಿದ್ದೋ ಶುರು ಎನ್ನುವಾಗ ನಾವಿಬ್ಬರೂ ಶಾಂತವ್ವನ ಮನೆಗೆ ಹೋದೆವು. ಕರೆಂಟು ಹೋಗಿತ್ತು. ಮಗ್ಗ ನಿಂತ ಬನಹಟ್ಟಿಯಲ್ಲಿ ಕೂತರೆ ಕಿವಿಯೇ ಕೆಟ್ಟಿತೇನೋ ಅನ್ನಿಸುತ್ತದೆ, ಅಷ್ಟು ನಿಶ್ಶಬ್ದ. ಶಾಂತವ್ವ ಚಹಾ ಕೊಟ್ಟರು. ಸರ್ ರೂಢಿಯಂತೆ ಗೋಲಿ ತೆಗೆದರು. ಅದು ಕೈತಪ್ಪಿ ಫರಸಿ ಕಲ್ಲಿನ ಮೇಲೆ ಪುಟಿಯುತ್ತ ಹೋಯಿತು. ಠಣ್, ಠಣ್, ಆಮೇಲೆ ಮಗ್ಗದ ಹಿಂಗಾಲಿನ ಹತ್ತಿರ ಒಮ್ಮೆ ಡೊಬ್ ಎಂದಿತು. ಸರ್ ಎದ್ದು ಹೋಗಿ ಅದೇ ಕಲ್ಲಿನ ಮೇಲೆ ಮತ್ತೆ ಬಿಟ್ಟರು. ಮತ್ತೆ ಡೊಬ್. ಅವರ ಮುಖ ಬಿಳಿಚಿತು.

“ಯಕ್ಕಾ, ಇಲ್ಲಿ ಏನಿತ್ತು?”

“ಏನಿರತೈತಿ. ನಮ್ಮವರ ಕೈಮಗ್ಗ ಇತ್ತು.”

“ಹುಡುಗರು ಕೇಳಿದಾಗ ಕುಣಿ ಇಲ್ಲ ಅಂದ್ಯಲ್ಲ?”

“ಮುಚ್ಚಿದ ಮ್ಯಾಲ ಐತಿ ಅಂತ ಹೆಂಗ ಹೇಳ್ಲೋ ತಮ್ಮಾ?”

ಸುಳ್ಳು ಎಲ್ಲಿದೆ ಹೇಳಿ. ವಿದ್ಯುತ್ ಮಗ್ಗ ಬಂದಾಗ ಓಣಿಯವರೆಲ್ಲ ಕುಣಿ ಮುಚ್ಚಿದ್ದರು. ಹೇಗೆ ಮುಚ್ಚಿದಿರಿ, ಗುದ್ದಿ ಗಟ್ಟಿ ಮಾಡಿದಿರೇನು ಎಂದು ನಾನು ಕೇಳಿದೆ. ಶಾಂತವ್ವ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಅನ್ನ ಕೊಟ್ಟ ಕುಣಿಯನ್ನು ತುಳಿದು ಮುಚ್ಚಬಾರದೆಂದು ಅವರ ಅತ್ತೆ ಹೇಳಿದ್ದರಂತೆ. ಬುಟ್ಟಿಯಲ್ಲಿ ಮಣ್ಣು ತಂದು ಮೆಲ್ಲಗೆ ಸುರಿದು, ಅರಿಸಿನ ಕುಂಕುಮ ಹಾಕಿ, ಮೇಲೆ ಫರಸಿ ಹಾಸಿದ್ದರು. ಓಣಿಯಲ್ಲಿ ಎಲ್ಲರೂ ಹಾಗೆಯೇ ಮಾಡಿದ್ದರು. ಆ ಸಡಿಲ ಮಣ್ಣು ಕಾಲಾಂತರದಲ್ಲಿ ಕುಗ್ಗಿ, ಕಲ್ಲಿನ ಕೆಳಗೆ ಪೊಳ್ಳು ಬಿದ್ದಿತ್ತು. ಪೈಪು ಹಾಯುವಾಗ ಕೆಳಗಿನ ನೆಲ ತುಸು ಅಲುಗಿದರೂ ಸಾಕು, ಆ ಪೊಳ್ಳಿನ ಅಂಚಿಗೆ ಊರಿದ ಮಗ್ಗದ ಕಾಲು ಕೆಳಗೆ.

 ಹೊರಗೆ ಬಂದ ಮೇಲೆ ಸರ್, ತಮ್ಮ ಅಪ್ಪನ ಕುಣಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದವರು ತಾವೇ ಎಂದರು. ದೀಪದ ಬುಡದಲ್ಲೇ ಕತ್ತಲೆ. ಓಣಿಯ ಮಣ್ಣನ್ನೆಲ್ಲ ಹಿಸುಕಿ ನೋಡಿದವರು ತಮ್ಮ ಕೈಯಾರೆ ಹಾಕಿದ ಮಣ್ಣನ್ನೇ ಮರೆತಿದ್ದರು.

ನಿವೃತ್ತಿಯ ಹೊಸ್ತಿಲಲ್ಲಿದ್ದ ಮನುಷ್ಯ. ನನಗೆ ಕಳವಳವಾಯಿತು. ತಪ್ಪು ಎಂದು ಹೇಳಬೇಡಿ ಸರ್, ಸಣ್ಣ ತಿದ್ದುಪಡಿ ಎನ್ನಿ, ವರದಿಯಲ್ಲಿ ಒಂದು ಪುಟ ಸೇರಿಸೋಣ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಅವರು ತಲೆ ಅಲ್ಲಾಡಿಸಿದರು. “ತಿದ್ದುಪಡಿ ಅಂದ್ರ ಅವರಿಗೆ ತಿಳಿಯೂದಿಲ್ಲ. ತಪ್ಪು ಅಂದ್ರ ತಿಳೀತೈತಿ.”

ಅದೇ ಸಂಜೆ ಕಟ್ಟೆಯ ಮೇಲೆ ಜನ ಕೂಡಿದರು. ಗುತ್ತಿಗೆದಾರರ ಎಂಜಿನಿಯರು ಯಂತ್ರ ಸುಮ್ಮನೆ ನಿಲ್ಲುವುದೆಂದು ಮುಖ ಗಂಟಿಕ್ಕಿ ನಿಂತಿದ್ದ. ಸರ್ ಎದ್ದು ನಿಂತು ಹೇಳಿದರು:

“ನಾ ಮಾಡಿದ ಲೆಕ್ಕ ತಪ್ಪೇತಿ. ನಮ್ಮಪ್ಪನ ಕುಣ್ಯಾಗ ಕಾಲ ಇಳಿಬಿಟ್ಟು ಬೆಳದಂವ ನಾ. ಅದನ್ನ ಮರತು, ನೆಲಾ ಗಟ್ಟಿ ಐತಿ ಅಂದ್ನಿ. ಸರಿಯಾಗಿ ಲೆಕ್ಕಾ ಮಾಡೂತನಕ ಪೈಪ ಒಳಗ ಹೋಗೂದಿಲ್ಲ.”

ಬೈಗುಳ ಬೀಳುತ್ತದೆಂದು ನಾನು ತಲೆ ತಗ್ಗಿಸಿದೆ. ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡರು. ಅವರಿಗಿಂತ ಮೊದಲು ಶಾಂತವ್ವ ಮಾತಾಡಿದರು. “ಮುಚ್ಚಿದವರು ನಾವು, ಹೇಳದವರೂ ನಾವ. ಬಾ, ಎಲ್ಲೆಲ್ಲಿ ಅದಾವು ತೋರಸ್ತೇವಿ.”

ಆ ಮೇಲಿನದು ನಾನು ಕಂಡ ಅತ್ಯಂತ ಚೆಂದದ ಸರ್ವೇ ಕೆಲಸ. ಶಾಂತವ್ವ ತಮ್ಮ ಪಡಸಾಲೆಯಲ್ಲಿ ಕುಣಿ ಇದ್ದ ಜಾಗಕ್ಕೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದರು. ಪಕ್ಕದ ಮನೆಯವರೂ ಎಳೆದರು. ಮರುದಿನ ನಾವು ಅಳತೆ ಪಟ್ಟಿ ಹಿಡಿದು ಹೋದಾಗ ತಿರುವಿನ ಪ್ರತಿ ಮನೆಯಲ್ಲೂ ಬಿಳಿಯ ಉದ್ದ ಚೌಕ; ಕೆಲವುಗಳ ನಡುವೆ ಹೂವು ಸಹ. ಹುಡುಗರನ್ನು ಬೈದು ಅಟ್ಟಿದ ಮನೆಗಳಲ್ಲೇ ಈಗ ಚಹಾ, ಚುರಮುರಿ, ಮಾವ ಎಲ್ಲಿ ಕೂಡುತ್ತಿದ್ದರು, ಅತ್ತೆ ಎಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು ಎಂಬ ಕಥೆ. ಸರ್ ಆ ಚೌಕಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿನೊಳಗೆ ಇಳಿಸಿದರು, ಸಡಿಲ ಮಣ್ಣೆಂದು ಹೇಳಿದರು, ಮಗ್ಗದ ಭಾರ ಹೇರಿದರು. ಬಹುಪಾಲು ಮನೆಗಳಿಗೆ ಭಯವಿರಲಿಲ್ಲ. ಶಾಂತವ್ವನ ಮಗ್ಗದ ಹಿಂಗಾಲು ಮಾತ್ರ ತೆರೆಯ ಮೇಲೆ ಕೆಂಪಾಗಿ ನಿಂತಿತು. ಅಷ್ಟು ದಿನ ನನಗೆ ಆ ತೆರೆ ಬರೀ ಬಣ್ಣಗಳ ಆಟವಾಗಿತ್ತು. ಅವತ್ತು ಆ ಕೆಂಪು ಚುಕ್ಕೆಯ ಜಾಗದಲ್ಲಿ ನನಗೆ ಶಾಂತವ್ವನ ಮಗ್ಗವೇ ಕಂಡಿತು. ನಂಬರಿನ ಮಾತಿಗೆ ನಾನು ಮತ್ತೆ ನಗಲಿಲ್ಲ.

ಪೊಳ್ಳು ತುಂಬಬೇಕಾಯಿತು. ಕುಣಿ ತುಳಿಸುತ್ತೀಯೇನು ಎಂದು ಶಾಂತವ್ವ ಕೇಳಿದರು. “ತುಳಿಯೂದಿಲ್ಲ ಯಕ್ಕಾ. ಹಾಲಿನಂಗ ಸುರೀತೇವಿ” ಎಂದರು ಸರ್. ಮಗ್ಗ ಸರಿಸಿ ಫರಸಿ ಎತ್ತಿದಾಗ ಪೊಳ್ಳಿನಲ್ಲಿ ಒಂದು ಹಳೆಯ ಕಟ್ಟಿಗೆಯ ಲಾಳಿ ಸಿಕ್ಕಿತು. ಶಾಂತವ್ವ ಅದನ್ನು ತೊಳೆದು ದೇವರ ಜಗುಲಿಯ ಮೇಲಿಟ್ಟರು. ತೆಳ್ಳಗೆ ಕಲಸಿದ ಸಿಮೆಂಟು ಕುಣಿಯೊಳಗೆ ಇಳಿಯಿತು. ಅದು ಒಣಗಿ ಗಟ್ಟಿಯಾದ ಮೇಲೆ ಕಲ್ಲು ಹಾಸಿ, ಮಗ್ಗ ನಿಲ್ಲಿಸಿ, ಸರ್ ಗೋಲಿ ಬಿಟ್ಟರು. ಠಣ್ ಎಂದಿತು. ನಾನು ಮಕ್ಕಳ ಹಾಗೆ ಕೈ ತಟ್ಟಿದೆ.

ಪೈಪು ಆ ಮನೆಯ ಕೆಳಗೆ ಬರುವ ದಿನ ಸರ್ ಕೊಟ್ಟ ಮಾತಿನಂತೆ ಪಡಸಾಲೆಯಲ್ಲಿ ಹೋಗಿ ಕೂತರು, ನಾನೂ ಕೂತೆ. ತಿರುವಿನಲ್ಲಿ ಮೆಲ್ಲಗೆ ತಳ್ಳಬೇಕು ಎಂದು ಜಾಕಿನ ಹತ್ತಿರ ಇದ್ದವರಿಗೆ ಅವರು ಮತ್ತೆ ಮತ್ತೆ ಹೇಳಿ ಬಂದಿದ್ದರು. ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸು ಎಂದು ಶಾಂತವ್ವನಿಗೂ ಹೇಳಿದರು. ಏನೂ ಆಗುವುದಿಲ್ಲ ಎನ್ನುವವನು ನೀನೇ, ನಿಲ್ಲಿಸು ಎನ್ನುವವನೂ ನೀನೇ ಎಂದು ಅವರು ತಿರುಗಿ ಕೇಳಿದರು. ಸರ್ ಮಗ್ಗದ ಹಿಂಗಾಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ನಡೆಸು ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಧೈರ್ಯ ಬೇಕಾಯಿತೆಂದು ಪಕ್ಕದಲ್ಲಿ ಕೂತ ನನಗೆ ಗೊತ್ತು.

ಮಗ್ಗದ ಖಟಪಟ ಶುರುವಾಯಿತು. ಆ ನಡುಕದಲ್ಲಿ ಗೋಲಿ ಯಾವ ಉಪಯೋಗಕ್ಕೂ ಇಲ್ಲ. ಸರ್ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಶಾಂತವ್ವ ಎಳೆಗಳನ್ನೇ ನೋಡುತ್ತಿದ್ದರು. ಮಗ್ಗದ ಸದ್ದು ಬದಲಾದೀತೇ ಎಂದು ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಚಹಾ ಆರಿತು. ಕೊನೆಗೆ ಜಾಕಿನ ಹತ್ತಿರದಿಂದ ಸರ್‌ಗೆ ಫೋನು ಬಂತು. ಕೇಳಿಸಿಕೊಂಡು ಇಟ್ಟರು. ಶಾಂತವ್ವನ ಕಡೆ ತಿರುಗಿ, ದಾಟಿ ಹೋಯಿತೆಂದು ಕೈಸನ್ನೆ ಮಾಡಿದರು.

“ಯಾವಾಗ ಹೋತೋ?” ಎಂದರು ಶಾಂತವ್ವ.

ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು.

ಈ ಮಳೆಗಾಲದಲ್ಲಿ ಆ ಓಣಿಯಲ್ಲಿ ನೀರು ನಿಲ್ಲಲಿಲ್ಲ. ಈಗ ರಬಕವಿಯ ಕಡೆಗಿನ ಓಣಿಗಳಿಗೂ ಅದೇ ಬಗೆಯಲ್ಲಿ ಪೈಪು ಹಾಕುವ ಮಾತು ನಡೆದಿದೆ. ಲೆಕ್ಕ ಮಾಡುವ ಪಾಳಿ ನನ್ನದು. ನಮ್ಮ ಹುಡುಗರು ಯಾರ ಹೊಸ್ತಿಲಲ್ಲೂ ಕುಣಿಯ ಮಾತೆತ್ತುವುದಿಲ್ಲ. ನಿಮ್ಮ ಮನೆಯಲ್ಲಿ ಮೊದಲು ಮಗ್ಗ ಎಲ್ಲಿತ್ತು ಎಂದು ಕೇಳುತ್ತಾರೆ. ಆ ಪ್ರಶ್ನೆ ಸರ್ ಬಿಟ್ಟುಹೋದದ್ದು. ಮನೆಯವರು ಕೇಳಿದವರನ್ನು ಒಳಗೆ ಕರೆದು ಕೂರಿಸುತ್ತಾರೆ, ಸಾಕು ಸಾಕಾಗುವಷ್ಟು ಹೇಳುತ್ತಾರೆ. ನನ್ನ ತೆರೆಯ ಮೇಲೂ ಮನೆಗಳಿಗೆಲ್ಲ ಹೆಸರುಗಳಿವೆ.

ಬೀಳ್ಕೊಡುಗೆಯ ದಿನ ಆ ಒಂದೇ ಚಿತ್ರ ತೋರಿಸಿ ಸರ್ ಕೂತ ಮೇಲೆ ಹಿಂದಿನ ಸಾಲಿನಿಂದ ಯಾರೋ ಎದ್ದು ಬಂದರು. ಶಾಂತವ್ವ. ಬನಹಟ್ಟಿಯಿಂದ ಬಸ್ಸು ಹಿಡಿದು ಬಂದಿದ್ದರು. ಯಾರ ಅಪ್ಪಣೆಗೂ ಕಾಯದೆ ವೇದಿಕೆ ಏರಿ, ಚೀಲದಿಂದ ಒಂದು ಸೀರೆ ತೆಗೆದು ಸರ್ ಅವರ ಕೈಗಿಟ್ಟರು. ಪೈಪು ಹಾಯ್ದ ದಿನ ಮಗ್ಗದ ಮೇಲಿದ್ದ ಸೀರೆ ಅದಂತೆ. ಮಾರದೆ ಇಟ್ಟಿದ್ದರಂತೆ, ಸರ್ ಅವರ ಮನೆಯವರು ಉಡಲಿ ಎಂದು.

ಸರ್ ಪ್ರಾಚಾರ್ಯರನ್ನೂ ಮರೆತರು, ಸಭೆಯನ್ನೂ ಮರೆತರು. ಮೇಜಿನ ಮೇಲೆ ಸೀರೆ ಬಿಡಿಸಿ ಹಾಸಿ, ನೇಕಾರರು ದೋಷ ಹುಡುಕುವ ಹಾಗೆ ಬೆರಳು ಊರಿ ಎಳೆಗಳ ಮೇಲೆ ಸರಿಸುತ್ತ ಹೋದರು. ಶಾಂತವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. “ಹುಡುಕು, ಹುಡುಕು” ಎಂದರು.

ಸರ್ ಸೆರಗಿನ ತುದಿಯವರೆಗೂ ಹುಡುಕಿದರು. ಬೆರಳು ಎಲ್ಲಿಯೂ ತೊಡರಲಿಲ್ಲ.